ಮನೆಗಿಂತ ಎತ್ತರದವಳು

ಬೇರೆಯವರು ಎತ್ತಿಕೊಂಡು ಬಳಸಲೆಂದು ನಾನು ಬರೆದ ಕೋಡ್ ಲೈಬ್ರರಿಯ ಹೆಸರು ‘ಕೈಚೀಲ’. ಹೆಸರು ಕೇಳಿದವರು ನಾನು ಹೊಲಿಗೆ ಕಲಿತೆನೆಂದುಕೊಳ್ಳುತ್ತಾರೆ. ಚಿಕ್ಕಮ್ಮನಂತೂ ಕೆಂಪು ಬಣ್ಣದ್ದು, ಒಳಗೆ ಜಿಪ್ ಇರುವಂಥದ್ದು ತನಗೊಂದು ತೆಗೆದಿಡು ಎಂದು ಹೇಳಿ ಕಳಿಸಿದ್ದಳು. ಅವಳಿಗೆ ವಿವರಿಸಿ ಹೇಳುವುದಕ್ಕಿಂತ ಒಂದು ಚೀಲ ಕೊಂಡು ಕೊಟ್ಟರೇ ಸುಲಭ ಎನಿಸಿತು, ಕೊಟ್ಟೆ. ಈಗಲೂ ನಾನು ಅಂಗಡಿ ಇಟ್ಟಿದ್ದೇನೆಂದೇ ಅವಳ ನಂಬಿಕೆ.

ಕೈಚೀಲವಿರುವುದು ಬ್ರೌಸರ್‌ನಲ್ಲಿ ಆಡುವ ಚಿತ್ರದ ಸಾಹಸ ಆಟಗಳನ್ನು ಕಟ್ಟುವುದಕ್ಕೆ. ಸಾಹಸ ಎಂದರೆ ಗುಂಡು ಹಾರಿಸುವುದು, ಕಾರು ಓಡಿಸುವುದು ಅಲ್ಲ. ಸ್ಕ್ರೀನಿನ ಮೇಲೆ ಒಂದು ಕೋಣೆಯೋ ಬೀದಿಯೋ ಇರುತ್ತದೆ, ಅಲ್ಲೊಬ್ಬ ಆಸಾಮಿ ನಿಂತಿರುತ್ತಾನೆ. ನೀವು ಕ್ಲಿಕ್ ಮಾಡಿದಲ್ಲಿಗೆ ನಡೆದು ಹೋಗುತ್ತಾನೆ, ಮೇಜಿನ ಮೇಲಿನ ಕೀಲಿಯನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುತ್ತಾನೆ, ಇನ್ನೆಲ್ಲೋ ಹೋಗಿ ಆ ಕೀಲಿಯಿಂದ ಒಂದು ಬಾಗಿಲು ತೆರೆಯುತ್ತಾನೆ. ಚಿತ್ರ ಯಾವುದು, ಅದರಲ್ಲಿ ಎಲ್ಲಿ ಕಾಲಿಡಬಹುದು, ಯಾವುದನ್ನು ಮುಟ್ಟಿದರೆ ಯಾವ ಮಾತು ಬರಬೇಕು, ಇಷ್ಟನ್ನು ಆಟ ಕಟ್ಟುವವರು ಹೇಳಿಕೊಟ್ಟರೆ ಸಾಕು. ಮಿಕ್ಕ ಕತ್ತೆ ಚಾಕರಿಯೆಲ್ಲ ನನ್ನ ಲೈಬ್ರರಿಯದು.

ಅದರಲ್ಲಿ ನನಗೆ ಅತ್ಯಂತ ಹೆಮ್ಮೆಯ ಭಾಗಕ್ಕೆ ‘ದೂರದ ಅಳತೆ’ ಎಂದು ಹೆಸರಿಟ್ಟಿದ್ದೆ. ಬೀದಿಯಲ್ಲಿ ದೂರ ಹೋದವರು ನಮ್ಮ ಕಣ್ಣಿಗೆ ಚಿಕ್ಕದಾಗಿ ಕಾಣುತ್ತಾರಲ್ಲ, ಹಾಗೆಯೇ ಆಟದೊಳಗಿನ ಮನುಷ್ಯನೂ ಚಿತ್ರದ ಒಳಕ್ಕೆ ನಡೆದಂತೆಲ್ಲ ಚಿಕ್ಕವನಾಗಬೇಕು. ಇಲ್ಲಿದ್ದಾಗ ಇಷ್ಟು, ಅಲ್ಲಿದ್ದಾಗ ಇಷ್ಟು ಎಂದು ಎರಡು ಗುರುತು ಕೊಟ್ಟರೆ ನಡುವಿನದನ್ನೆಲ್ಲ ಕೈಚೀಲವೇ ನೋಡಿಕೊಳ್ಳುತ್ತದೆ. ಹೇಳಿದರೆ ಸಣ್ಣ ವಿಷಯ. ಬರೆಯುವಾಗ ನನ್ನ ತಲೆಗೂದಲು ಉದುರಿದ್ದು ನನಗೇ ಗೊತ್ತು.

ಇಷ್ಟೆಲ್ಲ ಮಾಡಿದರೂ ಬಳಸುವವರು ಬೆರಳೆಣಿಕೆಯಷ್ಟು ಮಂದಿ. ಅವರಲ್ಲಿ ಒಬ್ಬರು ಹಲ್ಲಿನ ಡಾಕ್ಟರು. ತಮ್ಮಲ್ಲಿಗೆ ಬಂದು ಕಾಯುವ ಮಕ್ಕಳಿಗಾಗಿ ಬಾಯಿಯೊಳಗೆ ನಡೆಯುವ ಆಟವೊಂದನ್ನು ಕಟ್ಟುತ್ತಿದ್ದರು. ನಾಯಕ ದವಡೆಯ ಮೂಲೆಯಲ್ಲಿ ಸಿಕ್ಕಿಹಾಕಿಕೊಂಡಾಗಲೆಲ್ಲ ನನಗೆ ಮೇಲ್ ಹಾಕುತ್ತಿದ್ದರು. ಇಂಥ ಅಭಿಮಾನಿಗಳನ್ನು ನೆಚ್ಚಿಕೊಂಡು ಲೈಬ್ರರಿ ಎಷ್ಟು ದಿನ ಉಸಿರಾಡೀತು? ಮುಚ್ಚಿಬಿಡೋಣ ಎಂದು ಮನಸ್ಸು ಮಾಡುತ್ತಿರುವಾಗಲೇ ಚಿತ್ರಕಲಾ ಶಾಲೆಯ ಮೇಡಂ ಒಬ್ಬರು ಫೋನ್ ಮಾಡಿದರು. ತಮ್ಮ ತರಗತಿಯ ಮಕ್ಕಳಿಗೆಲ್ಲ ಕೈಚೀಲವನ್ನೇ ಕಲಿಸಬೇಕೆಂದು ಅವರಿಗೆ ಆಸೆ.

“ಎಲ್ಲಾ ಚೆನ್ನಾಗಿದೆ ಕಣ್ರೀ. ಆದ್ರೆ ಇದರಲ್ಲಿ ನೀವೇ ಕಟ್ಟಿರೋ ಒಂದು ಆಟ ತೋರಿಸಿ ಅಂದ್ರೆ ಇಲ್ಲ ಅಂತೀರಲ್ಲ. ಮಕ್ಕಳಿಗೆ ಏನು ತೋರಿಸ್ಲಿ ನಾನು?” ಎಂದರು ಮೇಡಂ.

“ಒಂದು ಮಾದರಿ ಆಟ ಇದೆ ಮೇಡಂ. ಮುಗೀತಾ ಬಂತು,” ಎಂದೆ. ಅದು ಶುರುವೇ ಆಗಿರಲಿಲ್ಲ.

“ಹಾಗಾದ್ರೆ ಮುಂದಿನ ಶನಿವಾರ ನಿಮ್ಮ ಮನೆಗೇ ಬರ್ತೀನಿ. ಆಡಿ ನೋಡಿ ಹೇಳ್ತೀನಿ.”

ಫೋನ್ ಇಟ್ಟ ಮೇಲೆ ನನಗೆ ಬೆವರಿಳಿಯಿತು. ನನಗೆ ಕೋಡ್ ಬರೆಯಲು ಬರುತ್ತದೆ, ಚಿತ್ರ ಬರೆಯಲು ಬರುವುದಿಲ್ಲ. ಪರೀಕ್ಷೆಗೆಂದು ನಾನು ಬರೆದಿಟ್ಟುಕೊಂಡಿದ್ದ ನಾಯಕ ಕೈಕಾಲು ಮೂಡಿದ ಆಲೂಗಡ್ಡೆಯಂತಿದ್ದ. ನನಗೆ ಬೇಕಾದದ್ದು ಒಂದು ಒಳ್ಳೆಯ ಬೀದಿಯ ಚಿತ್ರ, ಅದರಲ್ಲಿ ನಡೆಯಬಲ್ಲ, ಮಾತಾಡಬಲ್ಲ ಒಂದು ಪಾತ್ರ. ತಮಾಷೆಯೆಂದರೆ ಈ ಎರಡೂ ನಮ್ಮ ಮನೆಯಲ್ಲೇ ಇದ್ದವು. ಅಪ್ಪ ನಾಟಕ ಕಂಪನಿಯಲ್ಲಿ ಪರದೆ ಬರೆಯುತ್ತಿದ್ದವನು, ಅಮ್ಮ ಅದೇ ಕಂಪನಿಯ ನಾಯಕಿಯಾಗಿದ್ದವಳು. ಇಬ್ಬರನ್ನೂ ಒಂದೇ ಚಿತ್ರದೊಳಗೆ ತರುವುದೊಂದು ಬಿಟ್ಟು ಇನ್ನೇನು ಬೇಕಾದರೂ ಮಾಡಬಹುದಿತ್ತು.

ಅದಕ್ಕೆ ಕಾರಣ ಒಂದು ನಾಟಕದ ಕೊನೆಯ ಅಂಕ. ನಾನಾಗ ಗ್ರೀನ್‌ರೂಮಿನಲ್ಲಿ ಮಲಗಿದ್ದ ಕೂಸು. ಅಂಕದ ಪರದೆಯಲ್ಲಿ ಒಂದು ಉದ್ದದ ಬೀದಿ, ಎರಡೂ ಕಡೆ ದೀಪದ ಕಂಬ, ಬೀದಿಯ ತುದಿಯಲ್ಲಿ ಹೊಗೆಗೂಡಿರುವ ಮನೆ. ಎಲ್ಲವೂ ಅಪ್ಪನ ಕೈಯದು. ಮನೆ ದೂರದಲ್ಲಿದೆ ಎಂದು ಕಾಣಬೇಕಾದ್ದರಿಂದ ಅದನ್ನು ಚಿಕ್ಕದಾಗಿ ಬರೆದಿದ್ದ. ಅದರ ಬಾಗಿಲು ನಿಜವಾದ ಮನುಷ್ಯರ ಮೊಣಕಾಲಿಗೆ ಬರುತ್ತಿತ್ತು. ಹಾಗಾಗಿ ವೇದಿಕೆಯ ಮೇಲೆ ಸೀಮೆಸುಣ್ಣದಲ್ಲಿ ಒಂದು ಗೆರೆ ಹಾಕಿರುತ್ತಿದ್ದರು, ಅದನ್ನು ದಾಟಿ ಯಾರೂ ಹಿಂದಕ್ಕೆ ಹೋಗುವಂತಿಲ್ಲ. ಗೆರೆಯ ಈಚೆ ನಿಂತರೆ ನಟಿ ಬೀದಿಯ ಕೊನೆಯ ಮನೆಯನ್ನು ನೋಡುತ್ತ ನಿಂತ ಹೆಂಗಸು. ಗೆರೆ ದಾಟಿದರೆ ಊರನ್ನು ತುಳಿಯಲು ಬಂದ ರಾಕ್ಷಸಿ.

ಆ ದಿನ ಅಮ್ಮ ಗೆರೆ ದಾಟಿದಳು. ಮನೆ ಬಿಟ್ಟು ಹೋಗುವ ಹೆಂಗಸಿನ ಪಾತ್ರ. ಅಳುತ್ತ ಅಳುತ್ತ ಹಿಂದಕ್ಕೆ ಸರಿದವಳು ಮನೆಗೇ ಒರಗಿ ನಿಂತು, “ಈ ಬಾಗಿಲು ನನಗಿನ್ನು ತೆರೆಯುವುದಿಲ್ಲ” ಎಂದಳು. ಅವಳ ತಲೆ ಹೊಗೆಗೂಡಿನಿಂದ ಮೇಲಿತ್ತು. ಬಾಲ್ಕನಿಯಿಂದ ಯಾವನೋ, “ಹೆಂಚು ಎತ್ತಿ ಒಳಗೆ ಹೋಗಮ್ಮ!” ಎಂದು ಕೂಗಿದನಂತೆ. ಆಮೇಲೆ ಕೇಳಬೇಕೆ? ಜನ ಹೊಟ್ಟೆ ಹಿಡಿದುಕೊಂಡು ನಕ್ಕರು, ಕುರ್ಚಿ ಕುಟ್ಟಿ ನಕ್ಕರು, ಮುಂಭಾಗದ ಪರದೆ ಇಳಿಸಿದ ಮೇಲೂ ನಕ್ಕರು. ಅಮ್ಮ ಮುಖದ ಬಣ್ಣ ಒರೆಸಿಕೊಂಡು, ನನ್ನನ್ನು ಎತ್ತಿಕೊಂಡು ಮನೆಗೆ ಬಂದವಳು ಮತ್ತೆ ಯಾವ ವೇದಿಕೆಯನ್ನೂ ಹತ್ತಲಿಲ್ಲ.

ಆಮೇಲೆ ರೈಲ್ವೆ ಸ್ಟೇಷನ್ನಿನಲ್ಲಿ ಗಾಡಿಗಳ ಹೊತ್ತು ಹೇಳುವ ಕೆಲಸಕ್ಕೆ ಸೇರಿದಳು. ಸಾವಿರಾರು ಜನ ಅವಳ ದನಿ ಕೇಳುತ್ತಿದ್ದರು, ಒಬ್ಬರೂ ಅವಳನ್ನು ನೋಡುತ್ತಿರಲಿಲ್ಲ. ಅವಳಿಗೆ ಬೇಕಾಗಿದ್ದೂ ಅದೇ. ಬಳಗದವರು ಸೇರಿ ಫೋಟೋ ತೆಗೆಸಿಕೊಳ್ಳುವಾಗ ಕ್ಯಾಮೆರಾ ಹಿಡಿಯುವವಳು ಯಾವಾಗಲೂ ನಮ್ಮಮ್ಮನೇ. ಅಪ್ಪ ಬರೆದ ಒಂದು ಪರದೆಯನ್ನೂ ಅವಳು ಮತ್ತೆ ಕಣ್ಣೆತ್ತಿ ನೋಡಲಿಲ್ಲ. ಕಂಪನಿಯವರು ಬಟ್ಟೆಯ ಪರದೆಗಳನ್ನೆಲ್ಲ ಸುತ್ತಿಟ್ಟು, ತಾನೇ ಚಿತ್ರ ಮೂಡಿಸುವ ಬೆಳಕಿನ ಹಲಗೆ ತಂದು ನಿಲ್ಲಿಸಿದ ಮೇಲೆ ಅಪ್ಪ ಅಂಗಡಿಗಳ ಬೋರ್ಡು ಬರೆಯತೊಡಗಿದ. ಬೋರ್ಡಿನಲ್ಲಿ ಬರೀ ಅಕ್ಷರ ಇರುವುದರಿಂದ ಅದನ್ನು ಅಮ್ಮ ನೋಡುತ್ತಾಳೆ, ಅಕ್ಷರ ಸೊಟ್ಟಗಿದೆ ಎಂದೂ ಹೇಳುತ್ತಾಳೆ.

ಹಾಗೆಂದು ಇಬ್ಬರೂ ಮಾತು ಬಿಟ್ಟವರಲ್ಲ. ಒಂದೇ ಪೇಪರನ್ನು ಹರಿದು ಹಂಚಿಕೊಂಡು ಓದುತ್ತಾರೆ, ನನ್ನನ್ನು ಬೈಯುವಾಗ ಒಂದೇ ಪಕ್ಷ. ಆದರೆ ಆ ಅಂಕದ ಮಾತು ಬಂದರೆ ನಡುವೆ ನಾನು ಬೇಕು.

“ನಿಮ್ಮಪ್ಪನಿಗೆ ಹೇಳು, ಮೊಣಕಾಲೆತ್ತರದ ಮನೆ ಬರೆದ್ರೆ ಇನ್ನೇನಾಗುತ್ತೆ ಅಂತ.”

“ನಿಮ್ಮಮ್ಮನಿಗೆ ಹೇಳು, ಗೆರೆ ಹಾಕಿದ್ದು ಅಲಂಕಾರಕ್ಕಲ್ಲ ಅಂತ.”

ಇಂಥ ಇಬ್ಬರನ್ನು ಕೂಡಿಸಿ ಆಟ ಕಟ್ಟಬೇಕು, ಅದೂ ಶನಿವಾರದೊಳಗೆ. ಕೇಳಿದರೆ ಇಬ್ಬರೂ ಒಪ್ಪುವುದಿಲ್ಲ. ಆದ್ದರಿಂದ ನಾನು ಕೇಳಲೇ ಇಲ್ಲ. ಒಬ್ಬರ ವಿಷಯ ಇನ್ನೊಬ್ಬರಿಗೆ ಹೇಳದೆ ಕೆಲಸ ತೆಗೆಯುವುದೆಂದು ನಿಶ್ಚಯಿಸಿದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಮೊದಲು ಅಪ್ಪ. ಹಿತ್ತಲ ಶೆಡ್ಡಿನಲ್ಲಿ ಔಷಧದ ಅಂಗಡಿಯ ಬೋರ್ಡಿಗೆ ಹಸಿರು ಬಳಿಯುತ್ತಿದ್ದ.

“ಅಪ್ಪ, ನನಗೊಂದು ಬೀದಿ ಬರೆದುಕೊಡು.”

“ಬೀದಿ ಯಾಕೆ? ಬೆಳಕಿನ ಹಲಗೆ ಇದೆಯಲ್ಲ, ಅದನ್ನ ಕೇಳು. ಗುಂಡಿ ಒತ್ತಿದ್ರೆ ಊರೇ ಬರುತ್ತಂತೆ.”

“ನಿನ್ನ ಬೀದಿನೇ ಬೇಕು. ಇದರಲ್ಲಿ ಜನ ಒಳಗಡೆ ನಡ್ಕೊಂಡು ಹೋಗಬಹುದು.”

ಅಪ್ಪನ ಬ್ರಷ್ಷು ನಿಂತಿತು. “ಒಳಗಡೆ ಅಂದ್ರೆ?”

ನಾನು ಲ್ಯಾಪ್‌ಟಾಪ್ ತೆರೆದು, ಎಲ್ಲಿಂದಲೋ ತೆಗೆದುಕೊಂಡ ಒಂದು ರಸ್ತೆಯ ಫೋಟೋದಲ್ಲಿ ನನ್ನ ಆಲೂಗಡ್ಡೆಯನ್ನು ನಡೆಸಿ ತೋರಿಸಿದೆ. ಆಲೂಗಡ್ಡೆ ನಡೆದಂತೆಲ್ಲ ಚಿಕ್ಕದಾಗುತ್ತ, ದೂರದ ಕಂಬ ದಾಟಿ, ತಿರುವಿನಲ್ಲಿ ಮರೆಯಾಯಿತು. ಅಪ್ಪ ಬ್ರಷ್ಷು ಹಿಡಿದುಕೊಂಡೇ ಸ್ಕ್ರೀನಿನ ಹತ್ತಿರಕ್ಕೆ ಬಗ್ಗಿದ. ಬೋರ್ಡಿನ ಹಸಿರು ನನ್ನ ಕೀಬೋರ್ಡಿನ ಮೇಲೆ ತೊಟ್ಟಿಕ್ಕಿತು.

“ಇನ್ನೊಂದ್ಸಲ ಕಳಿಸು ಅದನ್ನ,” ಎಂದ. ಕಳಿಸಿದೆ. “ಇನ್ನೊಂದ್ಸಲ,” ಎಂದ.

ಆಮೇಲೆ ಬೆನ್ನು ನೆಟ್ಟಗೆ ಮಾಡಿಕೊಂಡು, “ನಾನು ಬರೆದ ಒಂದು ರಸ್ತೆಗೂ ಯಾರೂ ಕಾಲಿಟ್ಟಿಲ್ಲ ಪುಟ್ಟಿ. ಎಲ್ರೂ ಪಕ್ಕದಿಂದ ಬರೋರು, ಪಕ್ಕದಿಂದ ಹೋಗೋರು. ನಾನೇ ಬೈದು ಓಡಿಸ್ತಿದ್ದೆ, ಪರದೆ ಹತ್ರ ಹೋಗಬೇಡ್ರೋ ಅಂತ,” ಎಂದ. ಮರುಕ್ಷಣವೇ ಔಷಧದ ಅಂಗಡಿಯ ಬೋರ್ಡನ್ನು ಗೋಡೆಗೆ ಒರಗಿಸಿ ದೊಡ್ಡ ಕಾಗದ ಹುಡುಕತೊಡಗಿದ್ದ. ಆ ಅಂಗಡಿಯವರು ಒಂದು ವಾರ ಬೋರ್ಡಿಲ್ಲದೆಯೇ ವ್ಯಾಪಾರ ಮಾಡಿದರು.

“ನಡೆಯೋದು ಯಾರು? ಈ ಗೆಡ್ಡೆನಾ?” ಎಂದು ಕೇಳಿದ.

“ಅಲ್ಲ. ಒಬ್ಬಳು ಹೆಂಗಸು. ಆಮೇಲೆ ಹಾಕ್ತೀನಿ.”

ಇನ್ನು ಅಮ್ಮ. ಅವಳಿಗೆ ಬೆಣ್ಣೆ ಹಚ್ಚುವುದು ಅಷ್ಟು ಸುಲಭವಲ್ಲ, ಹಚ್ಚುವವರ ಕೈಯನ್ನೇ ಮೊದಲು ನೋಡುತ್ತಾಳೆ. ಅವಳು ಬಟ್ಟೆ ಮಡಚುತ್ತಿದ್ದಾಗ ಹೋಗಿ ನಾನೂ ಎರಡು ಟವೆಲ್ ಮಡಚಿದೆ.

“ಏನು ಬೇಕು ಹೇಳು,” ಎಂದಳು.

“ನಿನ್ನ ದನಿ ಬೇಕು. ಆಟದಲ್ಲಿ ಆಗದ ಕೆಲಸ ಮಾಡೋಕೆ ಹೋದ್ರೆ ‘ಅದು ಆಗಲ್ಲ’ ಅಂತ ಹೇಳಬೇಕು. ದಿನಾ ಹೇಳ್ತೀಯಲ್ಲ, ಅದನ್ನೇ ಹೇಳು.”

ಕೇಳಿದ್ದು ದನಿಯನ್ನಷ್ಟೇ, ಮುಖವನ್ನಲ್ಲ, ಒಪ್ಪಿಕೊಂಡಳು. ‘ಅದು ಆಗಲ್ಲ’ ಎಂಬುದನ್ನು ಸಿಟ್ಟಿನಲ್ಲಿ, ಬೇಸರದಲ್ಲಿ, ಅಯ್ಯೋ ಪಾಪ ಎನ್ನುವಂತೆ, ಎಷ್ಟು ಬಗೆಯಲ್ಲಿ ಹೇಳಿದಳೆಂದರೆ ನನಗೇ ಯಾವುದನ್ನು ಬಿಡಲೂ ಮನಸ್ಸಾಗಲಿಲ್ಲ. ‘ಈ ಬಾಗಿಲಿಗೆ ಬೀಗ ಹಾಕಿದೆ’, ‘ಈ ಕೀಲಿ ನನ್ನ ಹತ್ತಿರ ಇರಲಿ’ ಎಂಬಂಥವನ್ನೂ ಹೇಳಿಸಿದೆ. ಅವಳು ರಂಗೇರಿದ ಹೊತ್ತು ನೋಡಿಕೊಂಡು, ನಡುಮನೆಯ ಬಿಳಿ ಗೋಡೆಯ ಮುಂದೆ ಸ್ವಲ್ಪ ನಡೆದುಬಿಡು, ಫೋನಿನಲ್ಲಿ ಹಿಡಿದುಕೊಳ್ಳುತ್ತೇನೆ ಎಂದೆ.

ಅಮ್ಮನ ಹುಬ್ಬು ಮೇಲೇರಿತು. “ನಡೆಯೋದು ಎಲ್ಲಿಗೆ? ಹಿಂದೆ ಏನಿರುತ್ತೆ?”

“ಒಂದು ಬೀದಿ.”

“ಬಟ್ಟೆ ಮೇಲೆ ಬರೆದಿದ್ದಾ?”

“ಬಟ್ಟೆ ಮೇಲೆ ಬರೆದಿದ್ದು ಒಂದೂ ಇಲ್ಲಮ್ಮ. ಆಣೆ ಮಾಡ್ತೀನಿ,” ಎಂದೆ. ಮಾತು ನಿಜವೇ ಆಗಿತ್ತು, ಅಪ್ಪ ಬರೆಯುತ್ತಿದ್ದದ್ದು ಕಾಗದದ ಮೇಲೆ. ಅಮ್ಮ ನಡೆದಳು. ಗೋಡೆಯ ಈ ತುದಿಯಿಂದ ಆ ತುದಿಗೆ, ಆಮೇಲೆ ನನ್ನ ಕಡೆಗೆ ಬೆನ್ನು ಹಾಕಿ. ಹೇಳಿಕೊಟ್ಟರೂ ಬರದಂಥ ನಡಿಗೆ, ನೋಡುವವರು ತಾವಾಗಿ ದಾರಿ ಬಿಡಬೇಕು. ಇಷ್ಟು ವರ್ಷ ಇದನ್ನು ಅಡುಗೆಮನೆಗೂ ಬಚ್ಚಲಮನೆಗೂ ನಡುವೆ ವ್ಯರ್ಥ ಮಾಡಿದ್ದಾಳಲ್ಲ ಎಂದು ನನಗೆ ಹೊಟ್ಟೆಯೇ ಉರಿಯಿತು.

ಅಪ್ಪನ ಚಿತ್ರ ಬಂತು. ನೋಡಿದ ಕೂಡಲೇ ನನಗೆ ಗೊತ್ತಾಗಬೇಕಿತ್ತು. ಉದ್ದದ ಬೀದಿ, ಎರಡೂ ಕಡೆ ದೀಪದ ಕಂಬ, ತುದಿಯಲ್ಲಿ ಹೊಗೆಗೂಡಿರುವ ಮನೆ. ಅವನ ಕೈ ತನಗೆ ಚೆನ್ನಾಗಿ ಗೊತ್ತಿದ್ದ ಬೀದಿಗೇ ಹೋಗಿತ್ತು. ನಾನೋ ಆ ಅಂಕವನ್ನು ಬರೀ ಬಾಯಿಮಾತಿನಲ್ಲಿ ಕೇಳಿದವಳು. ಬೀದಿಗಳೆಲ್ಲ ಹೀಗೇ ಇರುತ್ತವೆಂದುಕೊಂಡೆ.

ಆಲೂಗಡ್ಡೆ ಅದರಲ್ಲಿ ಸೊಗಸಾಗಿ ನಡೆದು, ಮನೆಯ ಬಾಗಿಲಿಗೆ ಸರಿಯಾದ ಎತ್ತರಕ್ಕೆ ಇಳಿದು ನಿಂತಿತು. ಎಲ್ಲವೂ ಸರಿಯಿತ್ತು. ಶುಕ್ರವಾರ ಸಂಜೆಯ ಹೊತ್ತಿಗೆ ಆಲೂಗಡ್ಡೆಯನ್ನು ಅಳಿಸಿ ಅದರ ಜಾಗಕ್ಕೆ ಅಮ್ಮನನ್ನು ಹಾಕಿದೆ. ದೂರದ ಅಳತೆಯ ಎರಡು ಗುರುತುಗಳನ್ನು ನಾನು ಬೀದಿಗೆ ಕೊಡುವ ಬದಲು ಆಲೂಗಡ್ಡೆಗೆ ಕೊಟ್ಟಿದ್ದೆ. ಆಲೂಗಡ್ಡೆ ಹೋಗುವಾಗ ಅವನ್ನೂ ಕಟ್ಟಿಕೊಂಡು ಹೋಯಿತು. ಲೈಬ್ರರಿ ಬರೆದವಳೇ ಲೈಬ್ರರಿಯ ಮೊದಲ ಪಾಠದಲ್ಲಿ ಮುಗ್ಗರಿಸಿದ್ದು ನನಗೆ ಗೊತ್ತಾಗಲಿಲ್ಲ.

ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ಇಟ್ಟು ಅಪ್ಪನನ್ನು ಕರೆದೆ. ಹೆಂಗಸನ್ನು ನೋಡಿದವನು ಕುರ್ಚಿಯಲ್ಲಿ ನೆಟ್ಟಗೆ ಕೂತ. “ಇದು ನಿಮ್ಮಮ್ಮ,” ಎಂದ, ನನಗೆ ಗೊತ್ತಿರಲಿಲ್ಲವೆಂಬಂತೆ. ಹೇಳಿದೆನಲ್ಲ, ಹೆಂಗಸು ಅಂತ ಎಂದೆ. ಅವನು ಮೌಸ್ ಹಿಡಿದು, ಮೆಲ್ಲಗೆ, ಎಬ್ಬಿಸಬಾರದವರನ್ನು ಎಬ್ಬಿಸುವಂತೆ, ಮನೆಯ ಬಾಗಿಲ ಮೇಲೆ ಕ್ಲಿಕ್ ಮಾಡಿದ.

ಅದೇ ಹೊತ್ತಿಗೆ ಅಮ್ಮ ಚಹಾ ತಂದಳು.

ಸ್ಕ್ರೀನಿನಲ್ಲಿ ಅಮ್ಮ ಬೀದಿಯ ಒಳಕ್ಕೆ ನಡೆದಳು. ಚಿಕ್ಕದಾಗಲಿಲ್ಲ. ಮೊದಲ ಕಂಬಕ್ಕೆ ಸಮನಾದಳು, ಎರಡನೆಯದು ಅವಳ ಭುಜಕ್ಕೆ ಬಂತು, ಮೂರನೆಯದು ಸೊಂಟಕ್ಕೆ. ಮನೆಯ ಹತ್ತಿರ ಹೋಗಿ ನಿಂತಾಗ ಬಾಗಿಲು ಅವಳ ಮೊಣಕಾಲ ಬಳಿಯಿತ್ತು, ತಲೆ ಹೊಗೆಗೂಡಿನಿಂದ ಮೇಲಿತ್ತು. ಅಮ್ಮನದೇ ದನಿ, ಸ್ಟೇಷನ್ನಿಗೆಲ್ಲ ಕೇಳುವಷ್ಟು ಸ್ಪಷ್ಟವಾಗಿ, “ಈ ಬಾಗಿಲಿಗೆ ಬೀಗ ಹಾಕಿದೆ” ಎಂದಿತು.

ಅಮ್ಮ ಚಹಾದ ಲೋಟಗಳನ್ನು ಮೇಜಿನ ಮೇಲೆ ಇಟ್ಟಳು. ಒಂದು ತೊಟ್ಟೂ ಚೆಲ್ಲಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.

“ಗೆರೆ ಎಲ್ಲಿ ಹಾಕಿದ್ದೆ ನೀನು?” ಎಂದ ಅಪ್ಪ.

ಗೆರೆ ಹಾಕುವುದನ್ನು ಮರೆತಿದ್ದೆ. ನನ್ನ ತಲೆಗೆ ನಾನೇ ಎರಡು ಮೊಟಕಿಕೊಂಡು ಗುರುತುಗಳನ್ನು ಮತ್ತೆ ಬರೆದೆ. ಎರಡು ಸಾಲಿನ ಕೆಲಸ. ಈಗ ಅಮ್ಮ ಬೀದಿಯಲ್ಲಿ ನಡೆದಂತೆ ಅಚ್ಚುಕಟ್ಟಾಗಿ ಚಿಕ್ಕವಳಾಗುತ್ತ ಹೋಗಿ ಬಾಗಿಲಿಗೆ ತಕ್ಕಂತೆ ನಿಂತಳು. ಲ್ಯಾಪ್‌ಟಾಪ್ ಎತ್ತಿಕೊಂಡು ಕೋಣೆಯ ಬಾಗಿಲು ಬಡಿದೆ.

“ಅಮ್ಮ, ತಪ್ಪು ನನ್ನದು, ಸರಿ ಮಾಡಿದೀನಿ. ಒಂದ್ಸಲ ನೋಡು, ಆಮೇಲೆ ಬೇಕಾದ್ರೆ ಹೊಡಿ.”

ಬಾಗಿಲು ತೆರೆಯಿತು. ಅಮ್ಮ ನಿಂತುಕೊಂಡೇ ನೋಡಿದಳು. ತಾನು ನಡೆಯುವುದನ್ನು, ಕುಗ್ಗುವುದನ್ನು, ಹೆಬ್ಬೆರಳಿನಷ್ಟಾಗಿ ಮನೆಯ ಮುಂದೆ ನಿಲ್ಲುವುದನ್ನು ನೋಡಿದಳು.

“ಅಂದ್ರೆ ನಾನೇ ಚಿಕ್ಕವಳಾಗಬೇಕಿತ್ತು,” ಎಂದಳು.

“ಹಾಗಲ್ಲಮ್ಮ, ಇದು ಬರೀ ದೂರದ ಲೆಕ್ಕ...”

“ಆವತ್ತೂ ಇದೇ ಲೆಕ್ಕ. ಮ್ಯಾನೇಜರು ಹೇಳಿದ್ದು, ನೀನ್ಯಾಕೆ ಹೋದೆ ಅಂತ. ಜತೆಯವರು ಹೇಳಿದ್ದು, ನೀನ್ಯಾಕೆ ಹೋದೆ ಅಂತ. ಮನೆ ಯಾಕೆ ಇಷ್ಟು ಚಿಕ್ಕದು ಅಂತ ಒಬ್ಬರೂ ಕೇಳಲಿಲ್ಲ. ಮನೆ ಬರೆದವರೂ ಕೇಳಲಿಲ್ಲ.” ಅವಳ ದನಿ ಎಲ್ಲೂ ಏರಲಿಲ್ಲ. “ನನ್ನನ್ನ ತೆಗೆದುಬಿಡು ಅದರಿಂದ. ದನಿನೂ ತೆಗಿ. ನಿನ್ನ ಆಲೂಗಡ್ಡೆನೇ ಇರಲಿ.”

ನಾನು ಸಿಟ್ಟಿನ ಹೆಂಗಸು. ಬೇರೆ ದಿನವಾಗಿದ್ದರೆ ನಾಳೆ ಮೇಡಂ ಬರುತ್ತಾರೆ, ನನ್ನ ಕೆಲಸ ಮುಳುಗುತ್ತದೆ, ನಿಮ್ಮಿಬ್ಬರ ಹಳೇ ಜಗಳಕ್ಕೆ ನಾನ್ಯಾಕೆ ಬಲಿಯಾಗಬೇಕು ಎಂದು ಮನೆ ಎತ್ತಿ ಕುಣಿಯುತ್ತಿದ್ದೆ. ಆದರೆ ಅವಳು ಹೇಳಿದ್ದು ಸರಿಯಾಗಿತ್ತು. ಅವಳ ಜತೆ ಸೇರಿ ಅಳಬೇಕೆನಿಸಿತು. ತಿರುಗಿ ನೋಡಿದರೆ ಅಪ್ಪ ನಡುಮನೆಯಲ್ಲಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಶೆಡ್ಡಿನ ಕಡೆ ಹೊರಟುಹೋದ. ಒಂದು ಮಾತು ಆಡಿದರೆ ಬಾಯಿ ಸವೆಯುತ್ತಿತ್ತೇ ಎಂದು ಅವನನ್ನು ಮನಸ್ಸಿನಲ್ಲೇ ಬೈದುಕೊಂಡೆ.

ಬೆಳಿಗ್ಗೆ ಎದ್ದಾಗ ಅಪ್ಪ ಮರದ ಅಳತೆಪಟ್ಟಿ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ.

“ಇಲ್ಲಿ ಬಾ. ಗೋಡೆಗೆ ಬೆನ್ನು ಕೊಟ್ಟು ನಿಲ್ಲು,” ಎಂದು ಅಮ್ಮನಿಗೆ ಹೇಳಿದ. ನನ್ನನ್ನು ನಡುವೆ ಇಟ್ಟುಕೊಳ್ಳದೆ ನೇರವಾಗಿ ಹೇಳಿದ.

“ಯಾಕೆ?”

“ಮನೆ ಕಟ್ಟಬೇಕು. ಅಳತೆ ಬೇಕು.”

ಅಮ್ಮ ಕೈ ಒರೆಸಿಕೊಂಡು, ಮುಖ ಬಿಗಿದುಕೊಂಡೇ ಗೋಡೆಗೆ ನಿಂತಳು. ಅವನು ಪಾದದಿಂದ ನೆತ್ತಿಯವರೆಗೆ ಅಳೆದ, ಅದರ ಮೇಲೆ ಕೈಯೆತ್ತಿದಷ್ಟು ಸೇರಿಸಿದ, ಹೋದ. ನಾನು ಹಿಂದೆಯೇ ಓಡಿದೆ. ಶೆಡ್ಡಿನಲ್ಲಿ ಬೀದಿಯ ಚಿತ್ರದ ಮೇಲೆ ಹೊಸ ಕಾಗದ ಅಂಟಿಸಿ ಮನೆಯನ್ನು ಎಬ್ಬಿಸತೊಡಗಿದ್ದ. ಬಾಗಿಲು ದೀಪದ ಕಂಬಗಳನ್ನು ಮೀರಿ ಎದ್ದಿತ್ತು. ಗೋಡೆ ಬೀದಿಯ ಎರಡೂ ಬದಿಯನ್ನು ನುಂಗಿತ್ತು. ಚಾವಣಿಗೆ ಜಾಗ ಸಾಲದೆ ಮೇಲೆ ಇನ್ನೊಂದು ಹಾಳೆ ಅಂಟಿಸಿದ್ದ.

“ಅಪ್ಪ, ದೂರದ ಮನೆ ಇಷ್ಟು ದೊಡ್ಡದಿರುತ್ತಾ? ಕಂಬ ನೋಡು, ಬೆಂಕಿಕಡ್ಡಿ ತರ ಕಾಣ್ತಿದೆ. ಲೆಕ್ಕ ಎಲ್ಲಾ ಕೆಟ್ಟುಹೋಯ್ತು.”

“ಕೆಡಲಿ.”

“ಅವಳನ್ನ ಚಿಕ್ಕದು ಮಾಡೋದಕ್ಕೇ ಅಲ್ವಾ ನಾನು ಅಷ್ಟು ಕಷ್ಟಪಟ್ಟು ಬರೆದಿರೋದು? ನನ್ನ ಲೈಬ್ರರಿಯ ಜೀವನೇ ಅದು.”

“ಅದನ್ನ ಬೇರೆಯವರಿಗೆ ಇಟ್ಕೋ. ನಿಮ್ಮಮ್ಮನ್ನ ಚಿಕ್ಕದು ಮಾಡಬೇಡ.” ಬ್ರಷ್ಷನ್ನು ಡಬ್ಬಿಯಲ್ಲಿ ಅದ್ದಿ ತೆಗೆದು, ಬಾಗಿಲಿನ ಚೌಕಟ್ಟಿಗೆ ಒಂದು ಉದ್ದ ಗೆರೆ ಎಳೆದ. “ಆವತ್ತೂ ಮನೆನೇ ಚಿಕ್ಕದಿತ್ತು.”

ಶೆಡ್ಡಿನ ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಅಳತೆಪಟ್ಟಿಯನ್ನು ಅವನು ಅಡುಗೆಮನೆಯಲ್ಲೇ ಮರೆತಿದ್ದನಂತೆ, ಕೊಡಲು ಬಂದಿದ್ದಳು. ಕೇಳಿಸಿತೋ ಇಲ್ಲವೋ ಎಂದು ನಾನು ಅವಳ ಮುಖ ನೋಡಿದೆ. ಕಣ್ಣು ತುಂಬಿತ್ತು. ಆದರೆ ಬಾಯಿ ನಮ್ಮಮ್ಮನದೇ.

“ಬಾಗಿಲಿಗೆ ಹಿಡಿ ಎಲ್ಲಿ?” ಎಂದಳು. “ಹಿಡಿ ಇಲ್ಲದ ಬಾಗಿಲು ಹೇಗ್ರೀ ತೆಗಿಯೋದು?”

“ಬರೀತೀನಿ, ಇರು.”

“ಇನ್ನೂ ಸ್ವಲ್ಪ ಕೆಳಗೆ. ನನ್ನ ಕೈ ಅಷ್ಟು ಮೇಲೆ ಹೋಗಲ್ಲ.” ಆಮೇಲೆ ನನ್ನ ಕಡೆ ತಿರುಗಿ, “ಆ ಬೀಗದ ಮಾತು ಬೇರೆ ತರ ಹೇಳಬೇಕು. ನಡಿ, ಫೋನ್ ತಗೋ,” ಎಂದಳು.

ಮೇಡಂ ಬಂದಾಗ ಬಣ್ಣ ಪೂರ್ತಿ ಒಣಗಿರಲಿಲ್ಲ. ದೂರದ ಅಳತೆಯ ಎರಡು ಸಾಲನ್ನು ಅಳಿಸಿ, ಹೊಸ ಮನೆಯ ಫೋಟೋ ತೆಗೆದು ಆಟಕ್ಕೆ ಹಾಕುವಷ್ಟರಲ್ಲಿ ಬಾಗಿಲ ಮೇಲೆ ನನ್ನ ಹೆಬ್ಬೆರಳಿನ ಗುರುತು ಮೂಡಿತ್ತು. ಮೇಡಂ ಒಳ್ಳೆಯವರು, ಸಣ್ಣಪುಟ್ಟ ವಸ್ತುಗಳನ್ನೆಲ್ಲ ಮುಟ್ಟಿ ಮುಟ್ಟಿ ಅಮ್ಮನ ಎಲ್ಲ ‘ಅದು ಆಗಲ್ಲ’ಗಳನ್ನೂ ಕೇಳಿ ನಕ್ಕರು. ಕಲ್ಲಿನ ಕೆಳಗಿದ್ದ ಕೀಲಿ ಸಿಕ್ಕಿತು. ಅರ್ಧ ಆಟದಲ್ಲೇ, ಮುಂದಿನ ವರ್ಷದಿಂದ ನನ್ನ ತರಗತಿಗೆ ಇದೇ, ನಿಶ್ಚಯ ಎಂದುಬಿಟ್ಟರು. ಇಷ್ಟು ದಿನ ಯಾವ ಮಾತಿಗಾಗಿ ಜೀವ ಕೈಯಲ್ಲಿ ಹಿಡಿದುಕೊಂಡಿದ್ದೆನೋ ಆ ಮಾತು ಬಂದಾಗ ನಾನು ಸರಿಯಾಗಿ ಕೇಳಿಸಿಕೊಳ್ಳಲೂ ಇಲ್ಲ. ನನ್ನ ಕಣ್ಣೆಲ್ಲ ಅಮ್ಮನ ಮೇಲಿತ್ತು. ಅವಳು ನಮ್ಮ ಹಿಂದೆ ನಿಂತು ಕುರ್ಚಿಯ ಬೆನ್ನನ್ನು ಬಿಗಿಯಾಗಿ ಹಿಡಿದಿದ್ದಳು.

ಮೇಡಂ ಬೀದಿಯ ತುದಿಯ ಬಾಗಿಲ ಮೇಲೆ ಕ್ಲಿಕ್ ಮಾಡಿದರು. ಸ್ಕ್ರೀನಿನಲ್ಲಿ ಅಮ್ಮ ನಡೆದಳು, ಒಂದಿಷ್ಟೂ ಕುಗ್ಗದೆ, ಬೆಂಕಿಕಡ್ಡಿಯಂಥ ಕಂಬಗಳನ್ನು ದಾಟುತ್ತ. ಹಿಂದೆ ನಿಂತಿದ್ದ ಅಮ್ಮ ಆ ಹಳೆಯ ನಗುವಿಗಾಗಿ ಕಾಯುತ್ತಿದ್ದಳು. ಸ್ಕ್ರೀನಿನ ಹೆಂಗಸು ಹೋಗಿ ಮನೆಯ ಮುಂದೆ ನಿಂತಳು. ಬಾಗಿಲು ಅವಳಿಗಿಂತ ಒಂದು ಕೈ ಎತ್ತರವಿತ್ತು.

ಮೇಡಂ ನಗಲಿಲ್ಲ. ಮುಂದಕ್ಕೆ ಬಗ್ಗಿ, “ಮನೆ ಎಷ್ಟು ದೊಡ್ಡದು!” ಎಂದರು. “ಯಾರದು?”

“ನನ್ನದು,” ಎಂದಳು ಅಮ್ಮ.

ಆಟದೊಳಗಿನ ಅಮ್ಮ ಕೀಲಿ ತಿರುಗಿಸಿ, “ತೆರೀತು” ಎಂದು ಹೇಳಿ ಒಳಗೆ ಹೋದಳು. ಅಷ್ಟೇ ಆಟ. ಮೇಡಂ ಚಪ್ಪಾಳೆ ತಟ್ಟಿದರು. ಅಮ್ಮ ಅವರನ್ನು ಪಕ್ಕದ ಕುರ್ಚಿಗೆ ಕಳಿಸಿ, ಮೌಸ್ ತಾನು ತೆಗೆದುಕೊಂಡು, ಮೊದಲಿನಿಂದ ಶುರು ಮಾಡಿದಳು. ಕೀಲಿ, ಬೀದಿ, ಬಾಗಿಲು. ಮತ್ತೊಮ್ಮೆ ಮೊದಲಿನಿಂದ. ಅಪ್ಪ ಅವಳ ಹಿಂದೆ ನಿಂತು, ಬಣ್ಣ ಮೆತ್ತಿದ ಕೈಗಳನ್ನು ಕಟ್ಟಿಕೊಂಡು, ಅವಳು ಒಳಗೆ ಹೋದ ಪ್ರತಿಸಲವೂ ತಲೆಯಾಡಿಸುತ್ತಿದ್ದ. ತರಗತಿಯ ಬಗ್ಗೆ ಇನ್ನೂ ಕೇಳುವುದಿದ್ದ ಮೇಡಂ ಮಡಿಲಲ್ಲಿ ಚೀಲ ಇಟ್ಟುಕೊಂಡು ಕಾಯುತ್ತ ಕೂತರು.